ಒಂದೇ ಕುರ್ಚಿಯಲ್ಲಿ ಕೂತಿದ್ದ ಇಬ್ಬರು ಗೆಳೆಯರು

ಮಳೆಗಾಲದಲ್ಲಿ ಬಳಗ ಕಟ್ಟಿಕೊಂಡು ಪಾಶ್ಚಾತ್ಯ ಸಂಗೀತ ಕೇಳುವ ಶಿವಮೊಗ್ಗ, ಸಾಗರದ ಕಡೆಯವರಿಗೆ ಈ ಪೋಲಿಷ್ ಜೋಡಿ ಒಳ್ಳೇ ವಿಷಯ: ಸ್ತೆಫಾನ್ ಕಿಶೆಲೆವ್‌ಸ್ಕಿ (1911–1991), ಜಿಗ್ಮುಂತ್ ಮಿಚೆಲ್ಸ್ಕಿ (1907–1987). ಇಬ್ಬರೂ ಸಂಗೀತ ರಚನಕಾರರು, ಆದರೆ ಜನ ಹೆಚ್ಚು ಬಲ್ಲದ್ದು ಅವರ ಬರವಣಿಗೆಯನ್ನು. ಕಿಶೆಲೆವ್‌ಸ್ಕಿ ಕ್ರಾಕುವ್‌ನ ಒಂದು ಕ್ಯಾಥೊಲಿಕ್ ವಾರಪತ್ರಿಕೆಯಲ್ಲಿ 'ಕಿಶೆಲ್' ಹೆಸರಿನ ಅಂಕಣಕಾರ, ಮಾತು ಖಾರ. ಮಿಚೆಲ್ಸ್ಕಿ ಜಮೀನ್ದಾರಿ ಮನೆತನದವರು, ಪ್ಯಾರಿಸ್‌ನಲ್ಲಿ ಪಾಲ್ ದ್ಯುಕಾ, ನಾದಿಯಾ ಬುಲಾಂಜೆ ಅವರ ಶಿಷ್ಯ.

'ರುಖ್ ಮುಜಿಚ್ನಿ' ಸಂಗೀತ ಪತ್ರಿಕೆಯ ಮೊದಲ ಸಂಪಾದಕ ಕಿಶೆಲ್ (1945). ಅದೇ ಕುರ್ಚಿಯಲ್ಲಿ 1960ರಿಂದ 1968ರವರೆಗೆ ಮಿಚೆಲ್ಸ್ಕಿ ಕೂತರು. ನಡುವೆ, ಪೋಲೆಂಡಿನ ವಾಗೂಫ್ ಎಂಬ ಊರಿನಲ್ಲಿ ನಡೆದ 1949ರ ಸಮ್ಮೇಳನ ಬರುತ್ತದೆ. ಸಂಗೀತ 'ಸಮಾಜವಾದಿ ವಾಸ್ತವವಾದ'ಕ್ಕೆ, ಅಂದರೆ ಜನರಿಗೆ ಸುಲಭವಾಗಿ ತಿಳಿಯುವ, ಕಮ್ಯುನಿಸ್ಟ್ ಆಡಳಿತಕ್ಕೆ ಒಪ್ಪುವ ಕಲೆಯ ನೀತಿಗೆ ಒಗ್ಗಬೇಕೆಂದು ಸರ್ಕಾರ ಪಟ್ಟು ಹಿಡಿದ ಸಭೆ ಅದು. ರಚನಕಾರರ ಸಂಘದ ಅಧ್ಯಕ್ಷರು ಆಗ ಮಿಚೆಲ್ಸ್ಕಿ. ಆ ನೀತಿಯನ್ನು ಬಹಿರಂಗವಾಗಿ ವಿರೋಧಿಸಿದವರು ಕಿಶೆಲ್, ಅವರ ಮೇಷ್ಟ್ರು ಕೆಲಸವೂ ಹೋಯಿತು. ಸ್ನೇಹ ಮಾತ್ರ ಹೋಗಲಿಲ್ಲ. ನನಗೆ ಈ ಜೋಡಿಯ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದೇ.

1968 ಇಬ್ಬರನ್ನೂ ಒಂದೇ ಕಡೆ ತಂದು ನಿಲ್ಲಿಸಿತು. ಫೆಬ್ರವರಿಯಲ್ಲಿ, ಲೇಖಕರ ಸಂಘದ ಸಭೆಯಲ್ಲಿ, ಕಿಶೆಲ್ ಸೆನ್ಸಾರನ್ನು ಮಂಕುದಿಣ್ಣೆಗಳ ಸರ್ವಾಧಿಕಾರವೆಂದರು. ಮಾರ್ಚ್‌ನಲ್ಲಿ ಬೀದಿಯಲ್ಲಿ ಏಟು ತಿಂದರು, ಮೂರು ವರ್ಷ ಪ್ರಕಟಣೆ ಬಂದ್. ಆಗಸ್ಟ್‌ನಲ್ಲಿ ಚೆಕೊಸ್ಲೊವಾಕಿಯಾದ ಮೇಲೆ ಸೋವಿಯತ್ ಬಣದ ಸೇನೆ ನುಗ್ಗಿದಾಗ ಮಿಚೆಲ್ಸ್ಕಿ ಅಲ್ಲಿನ ಸಂಗೀತಗಾರರಿಗೆ ಬಹಿರಂಗ ಪತ್ರ ಬರೆದರು. ಅವರ ಬರಹಕ್ಕೂ ಬೀಗ ಬಿತ್ತು. ಉಳಿದದ್ದು ದಿನಚರಿ. ಕಿಶೆಲ್‌ರ 1968–1980ರ ದಿನಚರಿ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1996ರಲ್ಲಿ. ಇಬ್ಬರ ದಿನಚರಿಯನ್ನೂ 1969ರಿಂದ ತಾರೀಖು ಹೊಂದಿಸಿಕೊಂಡು ಓದಬೇಕು. ಕಿಶೆಲ್‌ರನ್ನು ಮಾತ್ರ ಓದಿದರೆ ಸಹೋದ್ಯೋಗಿಗಳೆಲ್ಲ ದಡ್ಡರು ಎಂದು ನಂಬಿಬಿಡುತ್ತೀರಿ. ಆ ಹೊತ್ತಿನ ಸಿಟ್ಟು ಹಾಗೇ ಕಾಗದಕ್ಕೆ ಇಳಿದಿದೆ.

ಅಂಕಣಗಳಿಗೆ ಬೇರೆ ಎಚ್ಚರ ಬೇಕು. 1981ಕ್ಕೆ ಮೊದಲು ಸೆನ್ಸಾರ್ ಕತ್ತರಿಸಿದ ಗುರುತೇ ಪುಟದಲ್ಲಿ ಇರುವಂತಿರಲಿಲ್ಲ. ಹಾಗಾಗಿ ಸಪ್ಪೆ ಕಂಡರೆ ತಕ್ಷಣ ಕಿಶೆಲ್‌ರನ್ನು ದೂರಬೇಡಿ. 1981ರ ಜುಲೈ 31ರ ಕಾಯ್ದೆಯ ನಂತರ ಕತ್ತರಿಸಿದ ಜಾಗದಲ್ಲಿ ಚೌಕ ಆವರಣ, ಅಡ್ಡಗೆರೆ, ಕಾಯ್ದೆಯ ಕಲಮು ಅಚ್ಚಾಗತೊಡಗಿದವು. ತುರ್ತು ಪರಿಸ್ಥಿತಿಯಲ್ಲಿ ಖಾಲಿ ಬಿಟ್ಟ ಸಂಪಾದಕೀಯ ಕಂಡಿರುವ ನಮ್ಮೂರ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೇಳಲು ಕಿಶೆಲ್‌ರ ಪಿಯಾನೊ ತುಣುಕು 'ದಾನ್ಸ್ ವೀವ್'ನಿಂದ ಶುರುಮಾಡಿ, ಆಮೇಲೆ 1943ರ ಚೇಂಬರ್ ಆರ್ಕೆಸ್ಟ್ರಾ ಕಾನ್ಸರ್ಟೊ. ಯುದ್ಧಕ್ಕೆ ಮೊದಲಿನ ಅವರ ರಚನೆಗಳಲ್ಲಿ ಬಹುಪಾಲು 1944ರ ವಾರ್ಸಾ ದಂಗೆಯಲ್ಲೇ ನಾಶವಾದವು, ಹುಡುಕಿ ಸುಸ್ತಾಗಬೇಡಿ. ಮಿಚೆಲ್ಸ್ಕಿಯವರ ಸಿಂಫನಿಗಳನ್ನು ಕೊನೆಗಿಡಿ. ಶೀಟಿನ ಮಾಡಿನ ಮನೆಯಾದರೆ ಜೋರು ಮಳೆಯಲ್ಲಿ ಸ್ಪೀಕರ್ ದಂಡ. ಮೆಲುದನಿ ಕೇಳದು, ವಾಲ್ಯೂಮ್ ಏರಿಸಿದರೆ ಹಿತ್ತಾಳೆ ವಾದ್ಯ ಬಂದಾಗ ಕಿವಿ ಒಡೆಯುತ್ತದೆ. ಹೆಡ್‌ಫೋನೇ ಸರಿ.

ಬರೀ ಕಿಶೆಲೆವ್‌ಸ್ಕಿ ಎಂದು ಹುಡುಕಿದರೆ ಪಿಯಾನೊ ಜೋಡಿ ಮಾರೆಕ್–ವಾತ್ಸೆಕ್ ಸಿಗುತ್ತಾರೆ. ಆ ವಾತ್ಸೆಕ್ ಇವರ ಮಗ. ಸ್ತೆಫಾನ್ ಎಂದೂ ಸೇರಿಸಿ ಹುಡುಕಿ.