ದಿನವೂ ಆಂಟಿಬಯೋಟಿಕ್ ಕೊಟ್ಟರೆ ಮೂತ್ರದ ಸೋಂಕು ನಿಲ್ಲುತ್ತದೆಯೇ?

ಮಕ್ಕಳ ವೈದ್ಯೆಯಾದ ನನ್ನನ್ನು ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು: "ಡಾಕ್ಟರೇ, ಮಗಳಿಗೆ ಈ ವರ್ಷ ಮೂರನೆಯ ಸಲ ಮೂತ್ರದ ಸೋಂಕು. ದಿನವೂ ರಾತ್ರಿ ಸ್ವಲ್ಪ ಆಂಟಿಬಯೋಟಿಕ್ ಕೊಟ್ಟುಬಿಟ್ಟರೆ ಮತ್ತೆ ಬರುವುದಿಲ್ಲ ಅಲ್ಲವೇ?"

ಕೆಲವು ಮಕ್ಕಳಿಗೆ ಕೊಡಬೇಕು, ಹೆಚ್ಚಿನವರಿಗೆ ಬೇಡ. ಆದರೆ ಮೊದಲು ಹಳೆಯ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ವರದಿಗಳನ್ನು ನೋಡುತ್ತೇನೆ. ಚೀಲ ಅಂಟಿಸಿ ಹಿಡಿದ ಮೂತ್ರದಲ್ಲಿ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೂ ಸೇರಿಕೊಳ್ಳುವುದರಿಂದ, ಇಲ್ಲದ ಸೋಂಕು ಇದೆಯೆಂದು ಬರುವುದುಂಟು.

ಮೂತ್ರಕೋಶದಿಂದ ಮೂತ್ರ ಕಿಡ್ನಿಯ ಕಡೆಗೆ ಹಿಂದಕ್ಕೆ ಹರಿಯುವ ತೊಂದರೆಯಿದ್ದ 607 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಎರಡು ವರ್ಷ ದಿನವೂ ಔಷಧ ಪಡೆದ 302 ಮಕ್ಕಳಲ್ಲಿ 39 ಮಂದಿಗೆ ಸೋಂಕು ಮರುಕಳಿಸಿತು; ಪಡೆಯದ 305 ಮಕ್ಕಳಲ್ಲಿ 72 ಮಂದಿಗೆ. ಅಂದರೆ ಹೆಚ್ಚುಕಡಿಮೆ ಅರ್ಧ. ಆದರೆ ನಾವು ನಿಜವಾಗಿ ಹೆದರುವುದು ಕಿಡ್ನಿಯ ಮೇಲೆ ಉಳಿಯುವ ಕಲೆಗೆ. ಅದರಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಔಷಧ ಪಡೆದವರಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಿಂದ ಸೋಂಕು ಮರುಕಳಿಸಿದಾಗ, ಶೇ 63ರಷ್ಟು ಮಕ್ಕಳಲ್ಲಿ ಅದು ಆ ಔಷಧಕ್ಕೇ ಬಗ್ಗದ್ದಾಗಿತ್ತು. ಇನ್ನೊಂದು ಗುಂಪಿನಲ್ಲಿ ಶೇ 19. ಈ ಅಂಕಿ ನನ್ನ ಕೈಯನ್ನು ತಡೆಯುತ್ತದೆ.

ಹಿಮ್ಮುಖ ಹರಿವು ತೀವ್ರವಾಗಿರುವ, ಜ್ವರದೊಡನೆ ಸೋಂಕು ಮರುಕಳಿಸುವ ಕೂಸುಗಳಿಗೆ ಹಿಂಜರಿಯದೆ ಬರೆದುಕೊಡುತ್ತೇನೆ.

ಉಳಿದವರಲ್ಲಿ, ಅದರಲ್ಲೂ ಶಾಲೆಗೆ ಹೋಗುವ ಹೆಣ್ಣುಮಕ್ಕಳಲ್ಲಿ, ಕಾರಣ ಬಹಳ ಸಲ ಬೇರೆಯೇ ಇರುತ್ತದೆ. "ಬೆಳಿಗ್ಗೆ ಮನೆ ಬಿಟ್ಟ ಮೇಲೆ ಮತ್ತೆ ಮೂತ್ರಕ್ಕೆ ಎಷ್ಟು ಹೊತ್ತಿಗೆ ಹೋಗುತ್ತೀಯಮ್ಮ?" ಎಂದು ಮಗುವನ್ನೇ ಕೇಳುತ್ತೇನೆ. "ಮನೆಗೆ ಬಂದ ಮೇಲೆ" ಎನ್ನುತ್ತಾಳೆ. ಶೌಚಾಲಯ ಕೊಳಕು, ಚಿಲಕವಿಲ್ಲ, ಹೋಗಬಾರದೆಂದು ನೀರನ್ನೇ ಕುಡಿಯುವುದಿಲ್ಲ. ಇಂಥದ್ದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಮಗುವಿನ ಮೇಲಲ್ಲ. ಜೊತೆಗೆ ಮಲಬದ್ಧತೆ: ಗಟ್ಟಿ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ, ಅದು ಪೂರ್ತಿ ಖಾಲಿಯಾಗದಂತೆ ಮಾಡುತ್ತದೆ. ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎರಡು ಮೂರು ಗಂಟೆಗೊಮ್ಮೆ ಮೂತ್ರ, ಸಾಕಷ್ಟು ನೀರು, ಬೇಕಾದರೆ ತಿಂಗಳುಗಟ್ಟಲೆ ಮಲ ಸಡಿಲಿಸುವ ಔಷಧ. ಇದಕ್ಕೆ ತಾಳ್ಮೆ ಬೇಕು.

ಇನ್ನೊಂದು ವಿನಂತಿ. ನೆಗಡಿ ಕೆಮ್ಮಿಲ್ಲದೆ ಜ್ವರ ಬಂದರೆ "ಉಷ್ಣವಾಗಿದೆ" ಎಂದು ಎಳನೀರು ಕೊಟ್ಟು ಕಾಯಬೇಡಿ. ಆಂಟಿಬಯೋಟಿಕ್ ಆರಂಭಿಸುವ ಮುನ್ನ, ಅದೇ ದಿನ ಮೂತ್ರ ಪರೀಕ್ಷೆ ಮಾಡಿಸಿ. ಚಿಕಿತ್ಸೆ ಎರಡು ಮೂರು ದಿನ ತಡವಾದಷ್ಟೂ ಕಿಡ್ನಿಯಲ್ಲಿ ಕಲೆ ಉಳಿಯುವ ಅಪಾಯ ಹೆಚ್ಚುತ್ತದೆ.