ಡಗ್ಗಾ ಎಲ್ಲೈತೋ ತಮ್ಮಾ?

"ತಬಲಾ ಐತಿ. ಡಗ್ಗಾ ಎಲ್ಲೈತೋ ತಮ್ಮಾ?"

ಕಾಕಾ ಇಷ್ಟೇ ಕೇಳಿದರು. ರೆಕಾರ್ಡ್ ಹಚ್ಚಿ ಎರಡು ನಿಮಿಷ ಆಗಿತ್ತು. ಹೊರಗೆ ಬೆಳಗಾವಿಯ ಆಗಸ್ಟ್ ಮಳೆ, ಮೂರು ದಿನದಿಂದ ಬಿಟ್ಟಿರಲಿಲ್ಲ. ಹಾಡುತ್ತಿದ್ದವರು ಕುಮಾರ ಗಂಧರ್ವ. 1924ರಲ್ಲಿ ಇಲ್ಲೇ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಅವರ ರೆಕಾರ್ಡ್ ಹಾಕಿದರೆ ಕಾಕಾ ಮಾತಾಡುವುದೇ ಇಲ್ಲ. ಅಂಥವರು ಬಾಯಿ ಬಿಟ್ಟರು ಅಂದರೆ ಏನೋ ತಪ್ಪಿದೆ ಅಂತಲೇ ಅರ್ಥ.

ನಾನೂ ಕಿವಿಗೊಟ್ಟೆ. ದನಿ ಸ್ವಚ್ಛ ಇತ್ತು. ಬಲಗೈ ತಬಲಾ ಟಣ್ ಟಣ್ ಅಂತ ಕೇಳುತ್ತಿತ್ತು. ಎಡಗೈ ಡಗ್ಗಾ ಮಾತ್ರ ರಟ್ಟಿನ ಡಬ್ಬಿ ಬಡಿದಂಗೆ. ಅಂಗೈ ಒತ್ತಿ ಜಾರಿಸಿದಾಗ ಗುಂ ಅಂತ ಏಳುತ್ತದಲ್ಲ, ಆ ದನಿ ಇರಲೇ ಇಲ್ಲ. ತಂಬೂರಿಯ ಖರ್ಜದ, ಅಂದರೆ ಕೆಳಗಿನ ಸಾ ನುಡಿಸುವ ತಂತಿಯೂ ಸೊರಗಿತ್ತು.

ಟಿಳಕವಾಡಿಯ ಆ ಮನೆಯಲ್ಲಿರುವ ಸ್ಟೀರಿಯೋ ಪ್ರಿಆಂಪ್ಲಿಫೈಯರ್ ಅನ್ನು, ಅಂದರೆ ರೆಕಾರ್ಡಿನ ಸಣ್ಣ ಸಿಗ್ನಲನ್ನು ಪವರ್ ಆಂಪ್ಲಿಫೈಯರಿಗೆ ತಕ್ಕಂತೆ ಏರಿಸಿ ಕೊಡುವ ಪೆಟ್ಟಿಗೆಯನ್ನು, ಕಾಕಾ 1974ರಲ್ಲಿ ತಮ್ಮ ಕೈಯಾರೆ ಕಟ್ಟಿದ್ದು. ಒಳಗೆ ನಾಲ್ಕು ಇಸಿಸಿ83 ವಾಲ್ವ್‌ಗಳು, ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆಗಳು. ಅದರ ಜೋಡಿ ಪವರ್ ಆಂಪ್ಲಿಫೈಯರ್ ಕೂಡ ವಾಲ್ವಿನದ್ದೇ ಇತ್ತು. ಹೋದ ವರ್ಷ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಮತ್ತೆ ಸುತ್ತಿಸಿ ನೋಡಿದೆವು, ಮೊದಲಿನ ಹಾಗೆ ಬರಲಿಲ್ಲ. ಅದಕ್ಕೇ ನಾನು 60 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದು ಆ ಭಾನುವಾರ ಜೋಡಿಸಿದ್ದೆ.

ಲೆಕ್ಕ ಹಾಕದೆ ತಂದಿರಲಿಲ್ಲ. ಮುಂದಿನ ಪೆಟ್ಟಿಗೆಯ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುತ್ತಾರೆ) ಹಿಂದಿನದರ ಔಟ್‌ಪುಟ್ ಇಂಪೀಡೆನ್ಸಿಗಿಂತ ಹತ್ತು ಪಟ್ಟಾದರೂ ಜಾಸ್ತಿ ಇರಬೇಕು ಅನ್ನುತ್ತಾರೆ. ಕಾಕಾನ ಪ್ರಿಆಂಪ್‌ನ ಕೊನೆಯ ಹಂತ ಕ್ಯಾಥೋಡ್ ಫಾಲೋವರ್, ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ ಇರುವ ವಾಲ್ವ್ ಜೋಡಣೆ, ಅಲ್ಲಿ ಸುಮಾರು 600 ಓಮ್. ಹೊಸದರ ಇನ್‌ಪುಟ್ 10 ಕಿಲೋ ಓಮ್. ಹದಿನಾರು ಪಟ್ಟು ಆಯಿತಲ್ಲ! ಮತ್ತೆ ಡಗ್ಗಾ ಎಲ್ಲಿ ಹೋಯಿತು?

ಉತ್ತರ ಕಪಾಟಿನಲ್ಲಿತ್ತು. ಕಾಕು ಹಳೇ ಫೈಲ್ ತಂದು ಮುಂದಿಟ್ಟರು. ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ನೀಲಿ ಶಾಯಿಯಲ್ಲಿ ಕಾಕಾ ಬರೆದ ಸರ್ಕ್ಯೂಟ್. ಮಡಚಿದ ಜಾಗದಲ್ಲಿ ಹರಿದಿದೆ, ಒಂದು ಮೂಲೆಯಲ್ಲಿ ಚಹಾದ ಕಲೆ. ಕೊನೆಯಲ್ಲಿ ಔಟ್‌ಪುಟ್ ಕೆಪಾಸಿಟರ್, 0.1 ಮೈಕ್ರೋಫ್ಯಾರಡ್. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: "ಮುಂದ 470 ಕೆ ಇರಬೇಕು."

ನೋಡಿದ ಕೂಡಲೇ ಹೊಳೆಯಿತು. ನಾನು ವಾಲ್ವಿನ 600 ಓಮ್ ಲೆಕ್ಕಕ್ಕೆ ಹಿಡಿದಿದ್ದೆ, ಅದರ ಮುಂದೆ ನಿಂತ ಕೆಪಾಸಿಟರ್ ಬಿಟ್ಟಿದ್ದೆ. ದನಿ ಕೆಳಗಿಳಿದಷ್ಟೂ ಕೆಪಾಸಿಟರ್ ಜಾಸ್ತಿ ಅಡ್ಡಗಟ್ಟುತ್ತದೆ. 50 ಹರ್ಟ್ಜ್‌ಗೆ ಅದೊಂದೇ ಸುಮಾರು 32 ಕಿಲೋ ಓಮ್. ಮುಂದೆ 470 ಕಿಲೋ ಓಮ್ ಇದ್ದಾಗ ಅದು ಲೆಕ್ಕಕ್ಕೇ ಇಲ್ಲ, 3.4 ಹರ್ಟ್ಜ್‌ವರೆಗೂ ದಾರಿ ತೆರೆದಿರುತ್ತದೆ. ಮುಂದೆ ಬರೀ 10 ಕಿಲೋ ಓಮ್ ಇಟ್ಟರೆ ಸುಮಾರು 150 ಹರ್ಟ್ಜ್‌ಗೇ ಶಕ್ತಿ ಅರ್ಧ ಆಗುತ್ತದೆ. 75ಕ್ಕೆ ಬರುವಷ್ಟರಲ್ಲಿ ವೋಲ್ಟೇಜೇ ಅರ್ಧಕ್ಕಿಂತ ಕಡಿಮೆ. ಡಗ್ಗಾ ಅಲ್ಲೇ ಸೋರಿ ಹೋಗುತ್ತಿತ್ತು. 60 ವ್ಯಾಟ್ ಅಲ್ಲ, 600 ವ್ಯಾಟ್ ಇದ್ದರೂ ವಾಪಸ್ ಬರುತ್ತಿರಲಿಲ್ಲ.

ಶಹಾಪುರದಲ್ಲಿ ರೇಡಿಯೋ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಹಚ್ಚಿದೆ. "ಕೆಪಾಸಿಟರ್ ತಗದು 1 ಮೈಕ್ರೋದ್ದು ಹಾಕು, ಐದ್ ಮಿನಿಟಿನ ಕೆಲಸ" ಅಂದ. ಅವನು ಹೇಳಿದ್ದು ಸರಿ, ಕೆಳಗಿನ ದನಿ ಬರುತ್ತದೆ. ಆದರೆ ವಾಲ್ವ್ ಬಿಸಿಯಾಗುವಾಗ ಆ ಕೆಪಾಸಿಟರ್ ನೂರಕ್ಕೂ ಜಾಸ್ತಿ ವೋಲ್ಟಿಗೆ ತುಂಬಿಕೊಳ್ಳುತ್ತದೆ. ದೊಡ್ಡದು ಹಾಕಿದರೆ ಆ ಧಕ್ಕೆ ಇನ್ನೂ ಜಾಸ್ತಿ ಹೊತ್ತು ಟ್ರಾನ್ಸಿಸ್ಟರಿಗೂ ಸ್ಪೀಕರಿಗೂ ಬಡಿಯುತ್ತದೆ. ಅದೂ ಅಲ್ಲದೆ, ಐವತ್ತು ವರ್ಷದ ಹಿಂದೆ ಕಾಕಾ ಹಾಕಿದ ಬೆಸುಗೆಗೆ ನಾನು ಕಟರ್ ಹಚ್ಚಲಾರೆ. ಬದಲಾಗಬೇಕಾದ್ದು ಹೊಸದು, ಹಳೆಯದಲ್ಲ.

ಹೊಸದನ್ನೇ ಬಿಚ್ಚಿದೆ. ಇನ್‌ಪುಟ್‌ನ 10 ಕಿಲೋ ಓಮ್ ರೆಸಿಸ್ಟರ್ ತೆಗೆದು 100 ಕಿಲೋ ಓಮಿನದು ಹಾಕಿದೆ. ಸ್ಪೀಕರ್ ಕಟ್ಟುವ ಮೊದಲು ಮೀಟರ್ ಇಟ್ಟು ನೋಡಿದ್ದು ಒಳ್ಳೆಯದಾಯಿತು. ಮೊದಲು 15 ಮಿಲಿವೋಲ್ಟ್ ಇದ್ದ ಡಿಸಿ ಆಫ್‌ಸೆಟ್, ಅಂದರೆ ಹಾಡು ಇಲ್ಲದಾಗಲೂ ಔಟ್‌ಪುಟ್‌ನಲ್ಲಿ ಉಳಿಯುವ ವೋಲ್ಟೇಜ್, 140ಕ್ಕೆ ಏರಿತ್ತು. ಇಂಥ ಆಂಪ್ಲಿಫೈಯರಿನಲ್ಲಿ ಇನ್‌ಪುಟ್ ರೆಸಿಸ್ಟರೂ ಫೀಡ್‌ಬ್ಯಾಕ್ ರೆಸಿಸ್ಟರೂ ತಕ್ಕಡಿಯ ಎರಡು ತಟ್ಟೆ ಇದ್ದಂಗೆ. ಒಂದನ್ನೇ ಮುಟ್ಟಿದರೆ ಸಮತೋಲ ತಪ್ಪುತ್ತದೆ. ಸುಮ್ನೆ ಮೊದಲಿನಂತೆ ಮಾಡಿದೆ.

ಕೊನೆಗೆ ಉಳಿದದ್ದು ಬಫರ್, ಅಂದರೆ ಎರಡು ಪೆಟ್ಟಿಗೆಯ ನಡುವೆ ನಿಂತು ಸಿಗ್ನಲನ್ನು ಹಾಗೇ ದಾಟಿಸುವ ಸಣ್ಣ ಸರ್ಕ್ಯೂಟ್. ಡಬ್ಬಿಯಲ್ಲಿ ಟಿಎಲ್072 ಇತ್ತು. ಎಫ್‌ಇಟಿ ಇನ್‌ಪುಟ್ ಇರುವ ಐಸಿ, ಹಿಂದಿನವರ ಮೇಲೆ ಭಾರ ಹಾಕುವುದಿಲ್ಲ, ಮುಂದಿನ 10 ಕಿಲೋ ಓಮನ್ನು ಆರಾಮಾಗಿ ಎಳೆಯುತ್ತದೆ. ಅಂಗೈಯಗಲದ ಬೋರ್ಡಿನ ಮೇಲೆ ಎರಡೂ ಚಾನೆಲ್ ಕೂತವು. ಇನ್‌ಪುಟ್‌ಗೆ ಕಾಕಾ ಬರೆದಂತೆ 470 ಕಿಲೋ ಓಮ್. ವಾಲ್ವಿನ ಧಕ್ಕೆ ಐಸಿಗೆ ಬಡಿಯಬಾರದಲ್ಲ, ಅದಕ್ಕೆ ಸಾಲಿನಲ್ಲೊಂದು ರೆಸಿಸ್ಟರ್, ಎರಡು ಡಯೋಡ್. ಕರೆಂಟನ್ನು ಆಂಪ್ಲಿಫೈಯರಿನ 35 ವೋಲ್ಟಿನಿಂದಲೇ ತೆಗೆದು ಝೀನರ್‌ನಿಂದ 15ಕ್ಕೆ ಇಳಿಸಿದೆ. ನಡುವೆ ಎರಡು ಸಲ ಲೈಟ್ ಹೋಯಿತು. ಕಾಕು ಬ್ಯಾಟರಿ ಹಿಡಿದು ನಿಂತರು, ನಾನು ಬೆಸುಗೆ ಹಾಕಿದ ಜಾಗ ಒಂದೊಂದೇ ಪರೀಕ್ಷಿಸಿದೆ.

ಬೋರ್ಡಿನಲ್ಲೇ ಇನ್ನೊಂದು ಕೆಲಸ ಮುಗಿಸಿದೆ. ಹಳೇ ಆಂಪ್ಲಿಫೈಯರ್ ಪೂರ್ತಿ ದನಿಗೆ ಒಂದೂವರೆ ವೋಲ್ಟ್ ಕೇಳುತ್ತಿತ್ತು, ಹೊಸದಕ್ಕೆ ಅರ್ಧ ವೋಲ್ಟ್ ಸಾಕು. ಅದಕ್ಕೇ ಬೆಳಗ್ಗೆ ನಾಬ್ ಸ್ವಲ್ಪ ತಿರುವಿದರೂ ದನಿ ಮೈಮೇಲೆ ಬರುತ್ತಿತ್ತು, ವಾಲ್ವಿನ ಗುಸುಗುಸು ಕೂಡ ಕೇಳುತ್ತಿತ್ತು. ಬಫರಿನ ಮುಂದೆ 2.2 ಕಿಲೋ ಓಮ್ ಮತ್ತು 1 ಕಿಲೋ ಓಮ್ ಇಟ್ಟು ದನಿಯನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಗುಸುಗುಸು ಕೂಡ ಅಷ್ಟೇ ಇಳಿಯಿತು.

ಸಣ್ಣಗೆ ಹಮ್, ಕರೆಂಟಿನ ಗುಂಯ್ ದನಿ, ಉಳಿದಿತ್ತು. ಎರಡೂ ಪೆಟ್ಟಿಗೆಗೆ ಅರ್ಥಿಂಗ್ ಇದ್ದದ್ದರಿಂದ ಬಂದದ್ದು ಅದು. "ಒಂದರ ಅರ್ಥಿಂಗ್ ಪಿನ್ ತಗದ್ ಬಿಡು" ಅಂತ ಗೆಳೆಯ ಹೇಳಿದ. ಬಹಳ ಜನ ಹೀಗೇ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ವಾಲ್ವ್ ಪೆಟ್ಟಿಗೆಯಲ್ಲಿ 280 ವೋಲ್ಟ್ ಓಡಾಡುತ್ತದೆ, ಅದನ್ನು ಮುಟ್ಟುವವರು 78 ವರ್ಷದ ಕಾಕಾ. ಹೊಸ ಪೆಟ್ಟಿಗೆಯಲ್ಲಿ ಸಿಗ್ನಲ್ ಗ್ರೌಂಡಿಗೂ ಚಾಸಿಗೂ ನಡುವೆ 10 ಓಮ್ ರೆಸಿಸ್ಟರ್ ಹಾಕಿದೆ. ಪೆಟ್ಟಿಗೆಯ ಅರ್ಥಿಂಗ್ ಮುಟ್ಟಲಿಲ್ಲ. ಹಮ್ ಹೋಯಿತು.

ಸಂಜೆ ಏಳಕ್ಕೆ ಅದೇ ರೆಕಾರ್ಡ್ ಮತ್ತೆ ಹಚ್ಚಿದೆ. ನಾಬ್ ಹನ್ನೊಂದು ಗಂಟೆಯ ಜಾಗದಲ್ಲಿತ್ತು. ತಂಬೂರಿ ಕೋಣೆ ತುಂಬಿತು. ತಬಲಾ ಶುರುವಾಯಿತು. ಮೊದಲ ಗುಂ ಬಂದಾಗ ಕುರ್ಚಿಯ ಕೈ ಸಣ್ಣಗೆ ನಡುಗಿದ್ದು ನನ್ನ ಬೆರಳಿಗೆ ಗೊತ್ತಾಯಿತು. ಕಾಕಾ ಏನೂ ಹೇಳಲಿಲ್ಲ. ಅವರ ಎಡಗೈ ತೊಡೆಯ ಮೇಲೆ ಡಗ್ಗಾ ಬಾರಿಸುತ್ತಿತ್ತು. ಬದಿ ಮುಗಿದ ಮೇಲೆ ಕಣ್ಣು ತೆರೆಯದೆ ಹೇಳಿದರು:

"ತಿರುವಿ ಹಾಕು ತಮ್ಮಾ."