ನೆರಳಿನ ಲೆಕ್ಕದಲ್ಲಿ ಹನ್ನೊಂದೂ ಇಪ್ಪತ್ತು

ಜರ್ಮನಿಯ ರೋಥೆನ್‌ಬುರ್ಗ್‌ನಿಂದ ವೆರ್ಟ್‌ಹೈಮ್‌ವರೆಗೆ ಟೌಬರ್ ನದಿಯ ಕಣಿವೆಯಲ್ಲಿ ಸುಮಾರು 100 ಕಿ.ಮೀ. ಉದ್ದದ ಸೈಕಲ್ ದಾರಿಯಿದೆ. ಜೂನ್ ನಡುವಿನ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಾಡಿಗೆ ಸೈಕಲ್ಲಿನಲ್ಲಿ ಹೊರಟ ನನಗೆ, ಸಂಜೆಯೊಳಗೆ ಅರ್ಧ ದಾರಿಯ ಬಾಡ್ ಮೆರ್ಗೆಂಟ್‌ಹೈಮ್ ಸೇರಿದರೆ ಸಾಕಿತ್ತು.

ಕ್ರೆಗ್ಲಿಂಗೆನ್ ಊರಾಚೆಯ ಚಿಕ್ಕ ಇಗರ್ಜಿಯಲ್ಲಿ, ಟಿಲ್ಮನ್ ರೀಮೆನ್‌ಶ್ನೈಡರ್ 1505–1510ರ ಸುಮಾರಿಗೆ ಕೆತ್ತಿದ, ಯೇಸುವಿನ ತಾಯಿ ಮೇರಿಯ ಮರದ ಬಲಿಪೀಠವನ್ನು ನೋಡುತ್ತ ಮುಕ್ಕಾಲು ಗಂಟೆ ಕಳೆದೆ. ಬಣ್ಣ ಬಳಿಯದ ಆ ಮರದಲ್ಲಿ ಯೇಸುವಿನ ಶಿಷ್ಯರ ಕೈಗಳನ್ನು ನೋಡಿದಷ್ಟೂ ಸಾಲದೆನಿಸಿತ್ತು.

ಅಲ್ಲಿಂದ ಹೊರಟು ನಾಲ್ಕು ಕಿ.ಮೀ. ಸಾಗುವಷ್ಟರಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಬಾಡಿಗೆಯವರು ಕೊಟ್ಟಿದ್ದ ಚೀಲದಲ್ಲಿ ತೇಪೆಗಳೇನೋ ಇದ್ದವು, ಅಂಟು ಮಾತ್ರ ಒಣಗಿ ಕಲ್ಲಾಗಿತ್ತು. ಭಾನುವಾರವಾದ್ದರಿಂದ ಅಂಗಡಿಗಳೆಲ್ಲ ಮುಚ್ಚಿದ್ದವು. ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನನ್ನನ್ನು ಕಂಡ ವೃದ್ಧರೊಬ್ಬರು "ಗ್ರೂಸ್ ಗಾಟ್" ಎಂದು ವಂದಿಸಿ, ಕೇಳುವ ಮೊದಲೇ ಬಕೆಟ್ಟಿನಲ್ಲಿ ನೀರು ತಂದರು. ನಮ್ಮೂರಿನ ಪಂಕ್ಚರ್ ಅಂಗಡಿಯಂತೆಯೇ ಟ್ಯೂಬನ್ನು ಮುಳುಗಿಸಿ, ಗುಳ್ಳೆ ಎದ್ದ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ಉಪ್ಪುಕಾಗದದಿಂದ ಉಜ್ಜಿ, ತಮ್ಮ ಅಂಟನ್ನು ಸವರಿದರು. ನಾನು ಅವಸರದಿಂದ ತೇಪೆ ಚಾಚಿದಾಗ ಅಂಗೈ ಅಡ್ಡ ಹಿಡಿದು, ಐದು ಬೆರಳು ತೋರಿಸಿದರು: ಅಂಟು ಆರಲು ಐದು ನಿಮಿಷ. ಆ ಐದು ನಿಮಿಷವೂ ಅವರು ಕೈಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಹಣವನ್ನು ಮುಟ್ಟಲೂ ಇಲ್ಲ.

ನೆರಳು ಗಡಿಯಾರಗಳಿಗೆ ಹೆಸರಾದ ರೋಟಿಂಗೆನ್ ತಲುಪಿದಾಗ ನನ್ನ ಗಡಿಯಾರದಲ್ಲಿ ಹನ್ನೆರಡೂ ನಲವತ್ತು, ಗೋಡೆಯೊಂದರ ಮೇಲಿನ ನೆರಳಿನಲ್ಲಿ ಹನ್ನೊಂದೂ ಇಪ್ಪತ್ತು. ಕೆಟ್ಟದ್ದು ಯಾವುದೂ ಅಲ್ಲ. ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಜರ್ಮನಿಯ ಬೇಸಿಗೆ ಸಮಯವು 30 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ಅನುಸರಿಸುತ್ತದೆ. ಈ ಊರಿರುವುದು ಸುಮಾರು 10 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 80 ನಿಮಿಷಗಳ ಅಂತರ. ಬೆಂಗಳೂರಿನ ಸೂರ್ಯನೂ ನಮ್ಮ ಗಡಿಯಾರಕ್ಕಿಂತ ಸರಾಸರಿ ಇಪ್ಪತ್ತು ನಿಮಿಷ ಹಿಂದೆಯೇ ಇರುತ್ತಾನೆ, ನಾವು ಲೆಕ್ಕವಿಡುವುದಿಲ್ಲ ಅಷ್ಟೆ.

ಎದುರಿನ ಬೇಕರಿಯ ಬಾಗಿಲಿಗೆ ಭಾನುವಾರ ಹನ್ನೆರಡರವರೆಗೆ ಮಾತ್ರ ಎಂಬ ಫಲಕ ತೂಗುತ್ತಿತ್ತು. ನೆರಳಿನ ಪ್ರಕಾರ ಇನ್ನೂ ನಲವತ್ತು ನಿಮಿಷ ಬಾಕಿಯಿತ್ತು. ಬೇಕರಿಯವನು ಮಾತ್ರ ನನ್ನ ಗಡಿಯಾರವನ್ನೇ ನಂಬಿ ಬೀಗ ಹಾಕಿ ಹೋಗಿದ್ದ. ಚೀಲದಲ್ಲಿದ್ದ ಎರಡು ಬಾಳೆಹಣ್ಣನ್ನು ಆ ಗೋಡೆಯ ಕೆಳಗೇ ಕುಳಿತು ತಿಂದೆ.